ಮರ ಕುಯ್ಯೋ ಮಿಷನ್ ಯಾವುದು ತಗೊಳ್ಳೋದು ಅಂತ ಕೇಳಿದೋರಿಗೆ

ಈ ಒಂದು ತಿಂಗಳಲ್ಲಿ ಕಡಬಗೆರೆ ಕಡೆಯಿಂದ ಇಬ್ಬರು, ತಾವರೆಕೆರೆಯಿಂದ ಒಬ್ಬರು, ಸೋಲೂರಿಂದ ಒಬ್ಬರು ಫೋನ್ ಮಾಡಿ ಒಂದೇ ವಿಷಯ ಕೇಳಿದ್ರು. "ಅಣ್ಣ, ನೀಲಗಿರಿ ತೆಗೀಬೇಕು, ಮಿಷನ್ ಯಾವುದು ತಗೊಳ್ಳೋದು?" ನಾಲ್ಕು ಜನಕ್ಕೂ "ಆಮೇಲೆ ಬರೀತೀನಿ" ಅಂದೆ. ಅದನ್ನ ಬರೀಬೇಕಾದ್ರೆ ನಮ್ಮ ಬಾಮೈದನ ಕೈ ವಿಷಯ ಹೇಳ್ಬೇಕು, ಅದು ಹೇಳ್ಬೇಕಾದ್ರೆ ನನ್ನ ತಪ್ಪೂ ಹೇಳ್ಬೇಕು. ಅದಕ್ಕೇ ಮುಂದಕ್ಕೆ ಹಾಕ್ತಾ ಬಂದೆ. ಮೊನ್ನೆ ಅವನನ್ನೇ ಕೇಳಿದೆ. "ಬರೀರಿ ಭಾವ, ಹೆಸರು ಮಾತ್ರ ಹಾಕ್ಬೇಡಿ" ಅಂದ. ಹಾಗಾಗಿ ಇವತ್ತು ಬರೀತಿದೀನಿ. ಉದ್ದ ಆಗುತ್ತೆ, ಸಮಯ ಇದ್ದಾಗ ಓದಿ.

ನಮ್ಮ ಜಮೀನು ತಾವರೆಕೆರೆಯಿಂದ ಒಳಗೆ, ಎರಡೂಕಾಲು ಎಕರೆ. ಮನೆ ಸುಂಕದಕಟ್ಟೆ. ಎಂಬತ್ತರ ದಶಕದಲ್ಲಿ ಸಾಮಾಜಿಕ ಅರಣ್ಯ ಅಂತ ಸಸಿ ಹಂಚುತ್ತಿದ್ದ ಕಾಲದಲ್ಲಿ ನಮ್ಮಪ್ಪ ರಾಗಿ ಹೊಲಕ್ಕೆ ನೀಲಗಿರಿ ಹಾಕಿದ್ರು. ಅವರೊಬ್ಬರೇ ಅಲ್ಲ, ಈ ಕಡೆ ಅರ್ಧ ಊರು ಹಾಕ್ತು. ಕಾವಲು ಬೇಡ, ದನ ತಿನ್ನಲ್ಲ, ಆರೇಳು ವರ್ಷಕ್ಕೊಂದು ಸಲ ಕಡಿಸಿದ್ರೆ ಕೈಗೆ ಒಟ್ಟಿಗೆ ದುಡ್ಡು, ಬೊಡ್ಡೆ ಮತ್ತೆ ತಾನೇ ಚಿಗುರುತ್ತೆ. ಟಿಪ್ಪು ಕಾಲದಲ್ಲಿ ನಂದಿಬೆಟ್ಟಕ್ಕೆ ಬಂದ ಮರ ಇದು, ಅಲ್ಲಿಂದ ಹಬ್ಬಿದ ತಳಿಗೆ ಮೈಸೂರು ಗಮ್ ಅಂತಲೇ ಹೆಸರು. 2017ರಲ್ಲಿ ಸರ್ಕಾರ ಹೊಸದಾಗಿ ನೆಡೋದನ್ನ ನಿಲ್ಲಿಸ್ತು. ನೆಟ್ಟಿದ್ದೋರ ಬೊಡ್ಡೆ ಮಾತ್ರ ಚಿಗುರ್ತಾನೇ ಇದೆ. ನಮ್ಮ ಬೋರು ಕೈಕೊಟ್ಟ ಮೇಲೆ ನಾನು ಇದನ್ನ ಪೂರ್ತಿ ತೆಗೆದು ಮತ್ತೆ ರಾಗಿ, ಅವರೆ, ಒಂದಷ್ಟು ಮಾವು ಮಾಡೋದು ಅಂತ ತೀರ್ಮಾನ ಮಾಡಿದೆ.

ಮೊದಲೆಲ್ಲ ಗುತ್ತಿಗೆದಾರ ಬಂದು ಟನ್ನಿನ ಲೆಕ್ಕದಲ್ಲಿ ಕಡ್ಕೊಂಡು ಹೋಗೋನು. ಈಗ ಚಿಕ್ಕ ತಾಕು ಅಂದ್ರೆ ಬರಲ್ಲ. ಬಂದ್ರೂ ಲಾರಿ ಒಳಗೆ ಬರಲ್ಲ, ಮರ ಸಣ್ಣ, ರೇಟಿಲ್ಲ ಅಂತ ನೂರೆಂಟು ಹೇಳ್ತಾರೆ. ಸೆಂಟ್ರಿಂಗ್ ಪೋಲಿಗೆ ಆಗೋ ಮರವನ್ನೂ ಸೌದೆ ರೇಟಿಗೆ ಕೇಳ್ತಾರೆ. ನಾವೇ ಕಡಿದು, ಜೋಡಿಸಿ ಇಟ್ರೆ ಲಾರಿಯವನು ಬಂದು ತುಂಬ್ಕೊಂಡು ಹೋಗ್ತಾನೆ, ಬೆಲೆಯೂ ಪರವಾಗಿಲ್ಲ. ಈ ಲೆಕ್ಕ ಸರಿ ಇದೆ. ಮಿಷನ್ ತಗೊಳ್ಳೋ ಹೊತ್ತಲ್ಲಿ ನಾನು ಹಾಕಿದ ಲೆಕ್ಕ ತಪ್ಪು.

ಮೊಬೈಲಲ್ಲಿ ನೋಡಿ ತರಿಸಿದೆ. ಡಬ್ಬಿ ಮೇಲೆ ದೊಡ್ಡದಾಗಿ 58 ಸಿಸಿ, 22 ಇಂಚಿನ ಬಾರ್, ಜೊತೆಗೆ ಎರಡು ಚೈನು ಫ್ರೀ. ಏಳು ಸಾವಿರದ ಚಿಲ್ಲರೆ. ಹೆಸರಿರೋ ಕಂಪನಿ ಮಿಷನ್ನು ಅದರ ಮೂರು ಪಟ್ಟಿಗೂ ಮೇಲೆ, ಅದರಲ್ಲೂ 16 ಇಂಚು. "ಕಡಿಮೆ ದುಡ್ಡಿಗೆ ದೊಡ್ಡ ಮಿಷನ್ನು" ಅಂತ ನಾನೇ ಎಲ್ಲರಿಗೂ ಫೋಟೋ ಕಳಿಸಿದ್ದೆ. ಈ ಪೇಜಲ್ಲೂ ಹಾಕಿದ್ದೆ, ಹಳಬರಿಗೆ ನೆನಪಿರಬಹುದು. ಆ ಪೋಸ್ಟ್ ತೆಗೆದುಹಾಕಿದೀನಿ. ಅದು ನೋಡಿ ಯಾರಾದ್ರೂ ತರಿಸಿದ್ರೆ ದಯವಿಟ್ಟು ಇದನ್ನ ಪೂರ್ತಿ ಓದಿ.

ಬಾಮೈದ ಸುಂಕದಕಟ್ಟೆಯಲ್ಲೇ ಒಂದು ಶೆಡ್ಡಲ್ಲಿ ಲೇತ್ ಕೆಲಸ ಮಾಡ್ತಾನೆ. ನಮ್ಮ ಏರಿಯಾ ಗೊತ್ತಲ್ಲ, ಕಾಮಾಕ್ಷಿಪಾಳ್ಯದಿಂದ ಪೀಣ್ಯದ ತನಕ ಗಲ್ಲಿಗೊಂದು ಲೇತು, ಮಿಲ್ಲಿಂಗು, ಗ್ರೈಂಡಿಂಗು. ಭಾನುವಾರ ರಜಾ ಅಂತ ನನ್ನ ಜೊತೆ ತೋಟಕ್ಕೆ ಬರೋನು. ಮಿಷನ್ ಅಂದ್ರೆ ಅವನಿಗೆ ಪ್ರಾಣ.

ಮೊದಲ ಮೂರು ಭಾನುವಾರ ಚೆನ್ನಾಗೇ ಆಯ್ತು. ಅರವತ್ತು ಮರ ಹೊಡೆದ್ವಿ. ನಾಲ್ಕನೇ ವಾರದಿಂದ ಮಿಷನ್ ಸುಮ್ಮನೆ ಓಡ್ತಿದ್ದಾಗಲೂ, ಅಂದ್ರೆ ರೇಸ್ ಒತ್ತದೇ ಇದ್ರೂ, ಚೈನು ಮೆಲ್ಲಗೆ ತಿರುಗ್ತಾ ಇತ್ತು. ಕೆಳಗೆ ಚೈನ್ ಆಯಿಲ್ ಸೋರಿ ಕುತ್ಕೊಂಡಿದ್ದ ಕಡೆಯೆಲ್ಲ ಕಲೆ. ಮುಂದಿನ ಹಿಡಿ ಹತ್ರ ಒಂದು ಪ್ಲಾಸ್ಟಿಕ್ ಗಾರ್ಡ್ ಇರುತ್ತೆ ನೋಡಿ, ಅದನ್ನ ಮುಂದಕ್ಕೆ ತಳ್ಳಿದ್ರೆ ಚೈನ್ ಬ್ರೇಕ್. ಅವತ್ತು ಬೆಳಿಗ್ಗೆ ಅವನು ಅದನ್ನ ತಳ್ಳಿ ರೇಸ್ ಕೊಟ್ಟು ನೋಡಿದ. ಚೈನು ನಿಧಾನ ಆಯ್ತು, ನಿಲ್ಲಲಿಲ್ಲ. "ಭಾವ, ಬ್ರೇಕ್ ಹಿಡೀತಿಲ್ಲ, ಶೆಡ್ಡಿಗೆ ತಗೊಂಡ್ಹೋಗಿ ಬಿಚ್ಚಿ ನೋಡ್ತೀನಿ" ಅಂದ. ಲಾರಿಯವನಿಗೆ ಸೋಮವಾರ ಬಾ ಅಂತ ಹೇಳಿದ್ದೆ. "ಇವತ್ತೊಂದಿನ ಮುಗಿಸ್ಬಿಡೋಣ ಕಣೋ, ನಾಳೆ ಬಿಚ್ಚುವೆಯಂತೆ" ಅಂದೆ.

ಹನ್ನೊಂದು ಗಂಟೆ ಇರಬೇಕು. ಬಿದ್ದ ಮರದ ಕೊಂಬೆ ಸವರ್ತಾ ಇದ್ದ. 22 ಇಂಚು ಬಾರ್ ತುದಿ ಎಲ್ಲಿದೆ ಅಂತ ಕುಯ್ಯೋನಿಗೆ ಕಾಣಲ್ಲ, ಎಲೆ ಒಳಗೆ ಹೋಗ್ಬಿಟ್ಟಿರುತ್ತೆ. ಆ ತುದಿಯ ಮೇಲ್ಭಾಗ ಹಿಂದೆ ಬಿದ್ದಿದ್ದ ಇನ್ನೊಂದು ದಿಮ್ಮಿಗೆ ತಾಗ್ತು. ಅಷ್ಟೇ. ಮಿಷನ್ ಒದ್ದಂಗೆ ಮೇಲಕ್ಕೆದ್ದು ಹಿಂದಕ್ಕೆ ಬಂತು. ಕಣ್ಣು ರೆಪ್ಪೆ ಹೊಡೆಯೋದ್ರೊಳಗೆ ಅಂತೀವಲ್ಲ, ಅದಕ್ಕೂ ಮುಂಚೆ. ಎಡಗೈ ಹಿಡಿಯಿಂದ ಜಾರ್ತು, ಹೆಬ್ಬೆರಳು ಹಿಡಿಯ ಕೆಳಗೆ ಸುತ್ತಿರಲಿಲ್ಲ ಅವನು, ನಾವ್ಯಾರೂ ಸುತ್ತಲ್ಲ. ಗಾರ್ಡು ಮುಂದಕ್ಕೇನೋ ಹೋಯ್ತು. ಬ್ರೇಕ್ ಹಿಡೀಲಿಲ್ಲ. ಮುಂಗೈ ಹೊರಗಡೆ, ಕಿರುಬೆರಳಿನ ಸಾಲಲ್ಲಿ, ಮಣಿಕಟ್ಟಿಂದ ನಾಲ್ಕು ಬೆರಳು ಮೇಲೆ ಚೈನ್ ಹಾದುಹೋಯ್ತು.

ಹೆಗಲ ಮೇಲಿದ್ದ ಟವಲ್ಲು ಒತ್ತಿ ಹಿಡಿದು, ಪಕ್ಕದ ತೋಟದೋರ ಕಾರಲ್ಲಿ ಮಾಗಡಿ ರೋಡಿಗೆ ಬಂದ್ವಿ. ಬ್ಯಾಡರಹಳ್ಳಿ ದಾಟಿ ಬರೋದ್ರೊಳಗೆ ಎಷ್ಟು ಸಿಗ್ನಲ್ಲು, ಎಷ್ಟು ಜಾಮು ಅಂತ ಅವತ್ತು ನನಗೆ ಲೆಕ್ಕ ಸಿಕ್ತು. ದಾರಿ ಪೂರ್ತಿ ಅವನು ಮಾತಾಡಿದ್ದು ಒಂದೇ, "ಭಾವ, ಅಕ್ಕಂಗೆ ಈಗ್ಲೇ ಫೋನ್ ಮಾಡ್ಬೇಡಿ." ನರ ಕಟ್ ಆಗಿತ್ತು, ಆಪರೇಷನ್ ಆಯ್ತು. ಕಿರುಬೆರಳು, ಉಂಗುರದ ಬೆರಳು ಇವತ್ತಿಗೂ ಪೂರ್ತಿ ಬಿಚ್ಚಲ್ಲ. ಲೇತಿನಲ್ಲಿ ಕ್ಯಾರೇಜ್ ಚಕ್ರ ತಿರುಗಿಸೋದು ಎಡಗೈ. ನಾಲ್ಕು ತಿಂಗಳು ಅವನ ಮನೆಗೆ ಸಂಬಳ ಇಲ್ಲ. ನಾನು ಕೊಟ್ಟೆ, ಅದು ಬೇರೆ ಮಾತು. ಮಿಷನ್ನಲ್ಲಿ ಉಳಿಸಿದ ಹದಿನೈದು ಸಾವಿರ ಮೊದಲ ದಿನ ಆಸ್ಪತ್ರೆ ಕೌಂಟರಲ್ಲೇ ಮುಗೀತು.

ಕಟ್ಟು ಬಿಚ್ಚಿದ ಮೇಲೆ ಅವನು ಮಾಡಿದ ಮೊದಲ ಕೆಲಸ ಏನು ಗೊತ್ತಾ? "ಆ ಮಿಷನ್ ಶೆಡ್ಡಿಗೆ ತನ್ನಿ" ಅಂದ. ನಾನು ಅದನ್ನ ಗುಜರಿಗೆ ಹಾಕೋನಿದ್ದೆ. ಅವನು ಕೇಳಲಿಲ್ಲ. ಒಂದು ಸಂಜೆ ಶೆಡ್ಡಲ್ಲಿ ಬೆಂಚ್ ಮೇಲಿಟ್ಟು ಬಲಗೈಯಲ್ಲಿ ಅವನು ಬಿಚ್ಚಿದ, ನಾನು ಎಡಗೈ ಆದೆ.

ಮೊದಲು ಬ್ರೇಕು. ಕ್ಲಚ್ ಡ್ರಮ್ಮಿನ ಸುತ್ತ ಒಂದು ಉಕ್ಕಿನ ಪಟ್ಟಿ ಇರುತ್ತೆ, ಗಾರ್ಡು ತಳ್ಳಿದಾಗ ಸ್ಪ್ರಿಂಗ್ ಎಳೆದು ಆ ಪಟ್ಟಿ ಡ್ರಮ್ಮನ್ನ ಬಿಗಿಯಾಗಿ ಹಿಡೀಬೇಕು. ಆಯಿಲ್ ಪಂಪಿನ ಸೀಲು ಸೋರಿ ಪಟ್ಟಿ ಪೂರ್ತಿ ಎಣ್ಣೆಯಲ್ಲಿ ನೆಂದಿತ್ತು. ಸ್ಪ್ರಿಂಗ್ ಕೈಯಲ್ಲೇ ಎಳೆದ್ರೆ ಬರ್ತಿತ್ತು. ಹೊಸ ಮಿಷನ್ನು, ನಾಲ್ಕು ಭಾನುವಾರ ಓಡಿದ್ದು. ಕ್ಲಚ್ಚಿನ ಒಂದು ಸ್ಪ್ರಿಂಗ್ ಸಡಿಲ, ಅದಕ್ಕೇ ರೇಸ್ ಇಲ್ಲದೇ ಚೈನ್ ತಿರುಗ್ತಿದ್ದಿದ್ದು. ಚೈನ್ ತುಂಡಾದ್ರೆ ಕೈಗೆ ಹೊಡೀದಂಗೆ ತಡೆಯೋಕೆ ಕೆಳಗೊಂದು ಕೊಕ್ಕೆ ಇರುತ್ತೆ, ಅದು ಪ್ಲಾಸ್ಟಿಕ್ಕು, ಯಾವಾಗಲೋ ಮುರಿದು ಬಿದ್ದೋಗಿತ್ತು, ನಾವು ನೋಡೇ ಇರಲಿಲ್ಲ.

ಆಮೇಲೆ ವರ್ನಿಯರ್ ತಗೊಂಡ. ಲೇತಿನವನ ಮುಂದೆ ಸುಳ್ಳು ಹೇಳೋದು ಕಷ್ಟ. ಬೋರ್ 45.2 ಮಿಲಿಮೀಟರ್, ಸ್ಟ್ರೋಕ್ 34. ಮೊಬೈಲಲ್ಲಿ ಲೆಕ್ಕ ಹಾಕಿದ, 54.5 ಸಿಸಿ. ಡಬ್ಬಿ ಮೇಲೆ 58. ಮೂರೂವರೆ ಸಿಸಿ ದೊಡ್ಡ ವಿಷಯ ಏನಲ್ಲ, ಆದ್ರೆ ಅಚ್ಚು ಹಾಕಿದ ನಂಬರೇ ಸುಳ್ಳಾದ್ರೆ ಕಣ್ಣಿಗೆ ಕಾಣದ ಸ್ಪ್ರಿಂಗ್ ಬಗ್ಗೆ ಏನು ನಂಬೋದು? ತೂಕ ಹಾಕಿದ್ವಿ. ಪೆಟ್ರೋಲು, ಆಯಿಲು, ಬಾರು ಸೇರಿ ಏಳೂವರೆ ಕೆಜಿ. ಬಾರಿನ ಗಾಡಿ ಅಗಲ, ಚೈನು ಅದರೊಳಗೆ ಆಕಡೆ ಈಕಡೆ ಅಲ್ಲಾಡ್ತಿತ್ತು. ಕುಯ್ಯುವಾಗ ಕೊಯ್ತ ಸೊಟ್ಟ ಹೋಗ್ತಿದ್ದಿದ್ದು ಇದಕ್ಕೇ. ನಾವು ನಮ್ಮ ಕೈ ಸರಿ ಇಲ್ಲ ಅನ್ಕೊಂಡಿದ್ವಿ.

ನಾನು ಕೇಳಿದೆ, ಇದಕ್ಕೆ ಒಳ್ಳೇ ಬ್ರೇಕ್ ಪಟ್ಟಿ, ಸ್ಪ್ರಿಂಗ್ ಹಾಕಿದ್ರೆ ಸರಿ ಹೋಗಲ್ವಾ ಅಂತ. "ಎಲ್ಲಿಂದ ತರೋದು ಭಾವ?" ಅಂದ. ಎಸ್‌ಪಿ ರೋಡಲ್ಲಿ ಎರಡು ದಿನ ಸುತ್ತಿದೆ. "ಆ ಥರದ್ದೇ" ಸಿಗುತ್ತೆ. ಒಂದು ಡಬ್ಬಿಯ ಪಟ್ಟಿ ಎರಡು ಮಿಲಿಮೀಟರ್ ಅಗಲ ಜಾಸ್ತಿ, ಇನ್ನೊಂದರ ಸ್ಪ್ರಿಂಗ್ ಗಿಡ್ಡ. ಒಂದೇ ಬಣ್ಣ, ಒಂದೇ ಆಕಾರದಲ್ಲಿ ಹತ್ತು ಹೆಸರಲ್ಲಿ ಬರುತ್ತೆ, ಆದ್ರೆ ಒಂದರ ಸಾಮಾನು ಇನ್ನೊಂದಕ್ಕೆ ಕೂರುತ್ತೆ ಅನ್ನೋ ಗ್ಯಾರಂಟಿ ಇಲ್ಲ. ನಾನು ಮಿಷನ್ ತಗೊಳ್ಳೋ ಮುಂಚೆ ಸುತ್ತಬೇಕಿದ್ದ ಎರಡು ದಿನ ಅದು.

ಹೊಸದು ತಗೊಳ್ಳೋಕೆ ಹೋಗುವಾಗ ಅವನನ್ನೇ ಕರ್ಕೊಂಡು ಹೋದೆ. ಅವನು ಮಿಷನ್ ಮುಟ್ಟಲೇ ಇಲ್ಲ. ಮೂರು ಅಂಗಡಿಯಲ್ಲೂ ಒಂದೇ ಪ್ರಶ್ನೆ. "ಬ್ರೇಕ್ ಪಟ್ಟಿ, ಕಾರ್ಬೊರೇಟರ್ ಡಯಾಫ್ರಮ್ ಕಿಟ್, ಸ್ಟಾರ್ಟರ್ ಸ್ಪ್ರಿಂಗು, ಆಯಿಲ್ ಪಂಪು, ಇವು ನಾಲ್ಕು ಇವತ್ತು ಕೈಗೆ ಕೊಡ್ತೀರಾ?" ಮೊದಲ ಅಂಗಡಿಯವರು "ಸಾರ್, ನಮ್ಮ ಮಿಷನ್ ಹಾಳಾಗೋದೇ ಇಲ್ಲ" ಅಂದ್ರು. ಎರಡನೆಯವರು ಆರ್ಡರ್ ಹಾಕಿದ್ರೆ ಹತ್ತು ದಿನದಲ್ಲಿ ಬರುತ್ತೆ ಅಂದ್ರು, ಪ್ರಾಮಾಣಿಕವಾಗಿ ಹೇಳಿದ್ರು, ಅದೂ ಪರವಾಗಿಲ್ಲ. ಮೂರನೆಯವರು ಮಾತೇ ಆಡದೆ ಡ್ರಾಯರ್ ಎಳೆದು ನಾಲ್ಕೂ ಮೇಜಿನ ಮೇಲಿಟ್ರು, ಒಂದೊಂದರ ಮೇಲೂ ಪಾರ್ಟ್ ನಂಬರ್. ಅಲ್ಲೇ ತಗೊಂಡ್ವಿ. ನಮಗೆ ಸಿಕ್ಕಿದ್ದು ಸ್ಟಿಲ್ ಕಂಪನಿ ಎಂಎಸ್ 250. ನಿಮಗೆ ಹತ್ತಿರದ ಅಂಗಡಿಯಲ್ಲಿ ಹಸ್ಕ್ವಾರ್ನಾ ಸಾಮಾನು ಚೆನ್ನಾಗಿ ಸಿಗುತ್ತೆ ಅಂದ್ರೆ ಅದನ್ನೇ ತಗೊಳ್ಳಿ. ಎರಡರಲ್ಲಿ ಯಾವುದು ಮೇಲು ಅಂತ ಜಗಳ ಆಡೋರು ಆಡ್ಕೊಳ್ಳಲಿ. ನಮಗೆ ಬೇಕಿರೋದು ಶನಿವಾರ ಕೆಟ್ಟಿದ್ದು ಭಾನುವಾರ ಓಡಬೇಕು, ಅಷ್ಟೇ.

ಸೈಜಿನ ವಿಷಯಕ್ಕೆ ಬರ್ತೀನಿ, ಎಲ್ಲರೂ ಎಡವೋದು ಇಲ್ಲೇ. ಮೊದಲು ನಿಮ್ಮ ಮರ ಅಳೀರಿ. ಟೇಪು ತಗೊಂಡು ಕುಯ್ಯೋ ಎತ್ತರದಲ್ಲಿ ಸುತ್ತಳತೆ ಹಿಡಿದು, ಅದನ್ನ ಮೂರರಿಂದ ಭಾಗಿಸಿದ್ರೆ ಹೆಚ್ಚು ಕಡಿಮೆ ದಪ್ಪ ಸಿಗುತ್ತೆ. ನಾವು ನಲವತ್ತು ಮರ ಅಳೆದ್ವಿ. ಬಹುಪಾಲು 24ರಿಂದ 30 ಇಂಚು ಸುತ್ತಳತೆ, ಅಂದ್ರೆ ಎಂಟರಿಂದ ಹತ್ತು ಇಂಚು ದಪ್ಪ. ಬದು ಮೇಲಿದ್ದ ಹಳೇ ಮರ ಒಂದೇ 44 ಇಂಚು, ಅದೂ 14 ಇಂಚಿನ ಮೇಲೆ ದಪ್ಪ ಇಲ್ಲ. ಇದಕ್ಕೆ 22 ಇಂಚು ಬಾರ್ ಯಾಕೆ ಬೇಕಿತ್ತು ನನಗೆ? 16 ಇಂಚು ಧಾರಾಳ. ಬಾರಿಗಿಂತ ದಪ್ಪ ಮರ ಬಂದ್ರೆ ಎರಡೂ ಕಡೆಯಿಂದ ಕುಯ್ಯಬಹುದು. ಬಾರ್ ಉದ್ದ ಆದಷ್ಟೂ ತುದಿ ಕಣ್ಣಿಂದ ದೂರ, ಮಣ್ಣಿಗೆ ತಾಗೋದು ಜಾಸ್ತಿ, ಎಂಜಿನ್ ಎಳೆಯೋ ಭಾರ ಜಾಸ್ತಿ, ಅರ ಹಾಕ್ಬೇಕಾದ ಹಲ್ಲೂ ಜಾಸ್ತಿ. ಅಂಗಡಿಯವರು "ಇನ್ನೆರಡು ಸಾವಿರ ಹಾಕಿ, 18 ಇಂಚು ಕೊಡ್ತೀನಿ" ಅಂದ್ರೆ ಬೇಡ ಅನ್ನಿ.

ಎಂಎಸ್ 250 ಅಂದ್ರೆ 45.4 ಸಿಸಿ, 2.3 ಕಿಲೋವ್ಯಾಟ್, ಬಾರು ಚೈನು ಬಿಟ್ಟು 4.6 ಕೆಜಿ. ಹಳೇ "58 ಸಿಸಿ"ಗಿಂತ ಇದು ನೀಲಗಿರಿಯನ್ನ ಬೇಗ ಕುಯ್ಯುತ್ತೆ, ತೂಕವೂ ಕಡಿಮೆ. ಮಧ್ಯಾಹ್ನ ಆದ ಮೇಲೆ ತೂಕ ಅನ್ನೋದು ಸುಮ್ಮನೆ ನಂಬರ್ರಾಗಿ ಉಳಿಯಲ್ಲ. ಸುಸ್ತಾದ ತೋಳಿನಲ್ಲೇ ಅನಾಹುತ ಆಗೋದು. ನಿಮ್ಮದು ಅರ್ಧ ಎಕರೆ, ಸಿಲ್ವರ್ ಓಕ್ ಕೊಂಬೆ, ತೆಂಗಿನ ಒಣಮರ, ಬೇಲಿ ಗೊಬ್ಬರದ ಗಿಡ ಅಷ್ಟೇ ಅಂದ್ರೆ ಅದರ ತಮ್ಮ ಎಂಎಸ್ 180 ಸಾಕು, 31.8 ಸಿಸಿ. ಅದರಲ್ಲಿ ಇನ್ನೂರು ಮುನ್ನೂರು ನೀಲಗಿರಿ ಹೊಡೀತೀನಿ ಅಂದ್ರೆ ಹೊಡೀಬಹುದು, ಮಿಷನ್ನೂ ನೀವೂ ಇಬ್ಬರೂ ಬೇಜಾರಾಗ್ತೀರ. ದೊಡ್ಡ ಹುಣಸೆ, ಆಲ ಇದ್ರೆ ಅದಕ್ಕೋಸ್ಕರ 70 ಸಿಸಿ ಮಿಷನ್ ಕೊಳ್ಳಬೇಡಿ. ದಿನಾ ಅದೇ ಕೆಲಸ ಮಾಡೋರನ್ನ ಕರೆಸಿ, ಒಂದು ದಿನದ ಕೂಲಿ ಕೊಡಿ.

ಬ್ಯಾಟರಿ ಮಿಷನ್ ಬಗ್ಗೆ ಒಬ್ಬರು ಕೇಳಿದ್ರು. ಅಂಗೈಯಗಲ ಬಾರ್ ಇರೋ ಚಿಕ್ಕದು ಮಾವು, ನಿಂಬೆ ಸವರೋಕೆ ಚೆನ್ನಾಗಿದೆ, ನಮ್ಮನೇಲೂ ಒಂದಿದೆ, ಮರ ಬೀಳಿಸೋಕೆ ಅದು ಆಟದ ಸಾಮಾನು. ವೈರ್ ಹಾಕೋ ಕರೆಂಟಿನ ಮಿಷನ್ ನಮ್ಮ ಹೊಲದಲ್ಲಿ ಯಾವಾಗ ಕರೆಂಟ್ ಇರುತ್ತೆ ಅಂತ ಗೊತ್ತಿರೋರು ಯಾರೂ ಕೇಳಲ್ಲ ಬಿಡಿ.

ಪೆಟ್ರೋಲಿನ ವಿಷಯ ಸ್ವಲ್ಪ ಗಮನ ಇಟ್ಟು ಓದಿ, ಯಾಕಂದ್ರೆ ಒಳ್ಳೇ ಮಿಷನ್ನನ್ನ ನಾವೇ ಕೆಡಿಸೋದು ಇಲ್ಲಿ. ಈಗ ಬಂಕಲ್ಲಿ ಸಿಗೋದು ಇ20, ನೂರಕ್ಕೆ ಇಪ್ಪತ್ತು ಪಾಲು ಎಥನಾಲ್. ಎಥನಾಲ್ ಗಾಳಿಯಲ್ಲಿರೋ ತೇವ ಹೀರುತ್ತೆ, ಕಾರ್ಬೊರೇಟರ್ ಒಳಗಿನ ತೆಳು ರಬ್ಬರ್ ಡಯಾಫ್ರಮ್ಮನ್ನ ಗಟ್ಟಿ ಮಾಡುತ್ತೆ. ಬೈಕಲ್ಲಿ ದಿನಾ ಖಾಲಿಯಾಗ್ತಾ ಇರೋದ್ರಿಂದ ಗೊತ್ತಾಗಲ್ಲ. ನಮ್ಮ ಮಿಷನ್ ಒಂದು ಸಲ ಕೆಲಸ ಮುಗಿಸಿ ಎರಡು ತಿಂಗಳು ಮೂಲೆ ಸೇರುತ್ತೆ. ಅದಕ್ಕೆ ನಾವು ಮಾಡೋದಿಷ್ಟು: ಅವತ್ತಿಗೆ ಬೇಕಾದಷ್ಟೇ ಕಲಸ್ಕೊಳ್ತೀವಿ, ಒಂದು ಲೀಟರೋ ಎರಡು ಲೀಟರೋ. ಟ್ಯಾಂಕ್ ಅರ್ಧ ಲೀಟರಿಗೂ ಸ್ವಲ್ಪ ಕಡಿಮೆ ಹಿಡಿಯುತ್ತೆ, ಅದರ ಮೇಲೆ ಲೆಕ್ಕ. ಸಂಜೆ ಉಳಿದಿದ್ದನ್ನ ವಾಪಸ್ ಕ್ಯಾನಿಗೆ ಸುರಿದು, ಮಿಷನ್ ಸ್ಟಾರ್ಟ್ ಮಾಡಿ ತಾನಾಗೇ ನಿಲ್ಲೋ ತನಕ ಓಡಿಸಿ ಇಡ್ತೀವಿ. ಕಲಸಿ ತಿಂಗಳಾದ ಪೆಟ್ರೋಲು ಮಿಷನ್ನಿಗೆ ಹಾಕಲ್ಲ.

ಆಯಿಲ್ ಅಳತೆ ಕೈಯಂದಾಜಿಗೆ ಬೇಡ. ಕಂಪನಿಯ ಒಳ್ಳೇ ಟೂಟಿ ಆಯಿಲ್ ಆದ್ರೆ ನಮ್ಮ ಮಿಷನ್ನಿಗೆ 50ಕ್ಕೆ 1, ಅಂದ್ರೆ ಲೀಟರಿಗೆ 20 ಮಿಲಿ. ಮೆಡಿಕಲ್ ಸ್ಟೋರಲ್ಲಿ ಸೂಜಿ ಇಲ್ಲದ ಸಿರಿಂಜ್ ತಗೊಳ್ಳಿ, ಹತ್ತು ರೂಪಾಯಿ. ಆಯಿಲ್ ಕಡಿಮೆಯಾದ್ರೆ ಪಿಸ್ಟನ್ ಹಿಡ್ಕೊಳ್ಳುತ್ತೆ. ಚೈನಿಗೆ ಹೋಗೋ ಆಯಿಲ್ ಟ್ಯಾಂಕಿಗೆ ಸುಟ್ಟ ಎಂಜಿನ್ ಆಯಿಲ್ ಹಾಕೋರಿದ್ದಾರೆ, ಅದರಲ್ಲಿ ಲೋಹದ ಪುಡಿ ಇರುತ್ತೆ, ಪಂಪು ತಿನ್ನುತ್ತೆ, ನಿಮ್ಮ ಹೊಲಕ್ಕೂ ಬೀಳುತ್ತೆ. ಪೆಟ್ರೋಲ್ ತುಂಬಿಸುವಾಗೆಲ್ಲ ಆಯಿಲ್ಲೂ ತುಂಬಿಸಿ. ಪೆಟ್ರೋಲ್ ಖಾಲಿಯಾಗಿ ಆಯಿಲ್ ಹಾಗೇ ಇದ್ರೆ ಬಾರಿನ ತೂತು ಕಟ್ಟಿದೆ ಅಂತ ಅರ್ಥ.

ನಮ್ಮ ಕಡೆ ಮಿಷನ್ ಶತ್ರು ಮರ ಅಲ್ಲ, ಗೆದ್ದಲು. ನೀಲಗಿರಿ ಬುಡದಿಂದ ಎರಡು ಮೂರು ಅಡಿ ತನಕ ತೊಗಟೆ ಮೇಲೆ ಗೆದ್ದಲು ಮಣ್ಣು ಮೆತ್ತಿರುತ್ತೆ ನೋಡಿ. ಆ ಕೆಂಪು ಮಣ್ಣಲ್ಲಿ ಮರಳಿನ ಕಣ ಇರುತ್ತೆ. ಹೊಸ ಚೈನು ಅದರ ಮೇಲೆ ಒಂದು ಸಲ ಹೋದ್ರೆ ಸಾಕು, ಮೊಂಡು. ಈಗ ನಾವು ಪ್ರತಿ ಮರಕ್ಕೂ ಮೊದಲು ಮಚ್ಚಿನ ಬೆನ್ನಿಂದ ಕೆರೆದು, ತೊಗಟೆ ಒಂದು ಗೇಣು ಸುಲಿದು ಆಮೇಲೆ ಮಿಷನ್ ಇಡ್ತೀವಿ. ಒಂದು ನಿಮಿಷದ ಕೆಲಸ. ಬೊಡ್ಡೆ ಎಷ್ಟು ಗಿಡ್ಡ ಆದ್ರೆ ಅಷ್ಟು ಒಳ್ಳೇದು ಅಂತ ನೆಲಕ್ಕೆ ತಾಗಿಸಿ ಕುಯ್ಯೋಕೆ ಹೋಗ್ಬೇಡಿ. ನಾಲ್ಕು ಬೆರಳು ಬಿಟ್ಟು ಕುಯ್ದು ಉಳಿದಿದ್ದು ಜೆಸಿಬಿಗೆ ಬಿಡಿ.

ಪುಡಿ ನೋಡಿದ್ರೆ ಚೈನ್ ಗೊತ್ತಾಗುತ್ತೆ. ಅವಲಕ್ಕಿ ಥರ ಚೂರು ಬಿದ್ರೆ ಹರಿತ ಇದೆ. ರಾಗಿಹಿಟ್ಟಿನ ಥರ ಬಿದ್ರೆ ನಿಲ್ಲಿಸಿ ಅರ ಹಾಕಿ. ಮೊಂಡು ಚೈನನ್ನ ಒತ್ತಿ ಒತ್ತಿ ಕುಯ್ಯೋದ್ರಿಂದ ಬಾರು ಕಾಯುತ್ತೆ, ಕ್ಲಚ್ ಸುಡುತ್ತೆ, ಕೈ ಜಾರುತ್ತೆ. ಎಂಎಸ್ 250 ಚೈನಿಗೆ 4.8 ಮಿಲಿಮೀಟರ್ ದುಂಡು ಅರ, 180ರ ಚೈನಿಗೆ 4 ಮಿಲಿಮೀಟರ್. ಒಂದಕ್ಕೆ ಇನ್ನೊಂದು ಹಾಕಿದ್ರೆ ಹಲ್ಲಿನ ಆಕಾರ ಕೆಡುತ್ತೆ. ಮೂವತ್ತು ಡಿಗ್ರಿ ಓರೆ, ಒಳಗಿಂದ ಹೊರಗೆ ಒಂದೇ ದಿಕ್ಕಿಗೆ ತಳ್ಳೋದು, ಹಲ್ಲಿಗೆ ಎರಡೋ ಮೂರೋ ಸಲ, ಎಲ್ಲಾ ಹಲ್ಲಿಗೂ ಅಷ್ಟೇ ಸಲ. ಎಡಗಡೆ ಹಲ್ಲು ಜಾಸ್ತಿ ಸವೆದ್ರೆ ಕೊಯ್ತ ಬಲಕ್ಕೆ ಎಳೆಯುತ್ತೆ. ಚೈನ್ ಕೊಳ್ಳುವಾಗ "16 ಇಂಚಿಂದು ಕೊಡಿ" ಅಂತ ಹೇಳಿದ್ರೆ ಸಾಲದು. ಪಿಚ್ಚು, ಗೇಜು, ಕೊಂಡಿ ಎಷ್ಟು ಅನ್ನೋ ಮೂರೂ ಹೊಂದಬೇಕು. ಬಾರಿನ ಬುಡದಲ್ಲಿ ಅಚ್ಚು ಹಾಕಿರುತ್ತೆ, ಫೋಟೋ ತೆಗೆದು ಇಟ್ಕೊಳ್ಳಿ.

ಇನ್ನು ಬ್ರೇಕು. ದಿನಾ ಬೆಳಿಗ್ಗೆ ಮೊದಲ ಮರಕ್ಕೆ ಮುಂಚೆ, ಮಿಷನ್ ನೆಲದ ಮೇಲೆ ಗಟ್ಟಿಯಾಗಿ ಹಿಡಿದು, ಬಾರು ಯಾವುದಕ್ಕೂ ತಾಗದ ಹಾಗೆ ಇಟ್ಟು, ಗಾರ್ಡ್ ಮುಂದಕ್ಕೆ ತಳ್ಳಿ ಒಂದೇ ಕ್ಷಣ ರೇಸ್ ಕೊಡಿ. ಚೈನು ಅಲುಗಬಾರದು. ಅಲುಗಿದ್ರೆ ಅವತ್ತು ಕೆಲಸ ಇಲ್ಲ. ರೇಸ್ ಬಿಟ್ಟಾಗ ಚೈನು ತಿರುಗ್ತಿದ್ರೂ ಕೆಲಸ ಇಲ್ಲ. ಲಾರಿ ಬಂದು ನಿಂತಿದ್ರೂ, ಕೂಲಿಯೋರಿಗೆ ದುಡ್ಡು ಕೊಟ್ಟಾಗಿದ್ರೂ ಇಲ್ಲ. ಪೂರ್ತಿ ರೇಸಲ್ಲಿ ಚೈನು ಸೆಕೆಂಡಿಗೆ ಸುಮಾರು ಇಪ್ಪತ್ತು ಮೀಟರ್ ಓಡುತ್ತೆ. ಅದನ್ನ ನಿಲ್ಲಿಸೋಕೆ ಇರೋದು ಆ ಒಂದು ಪಟ್ಟಿ. ಅಂಗಡಿಯಲ್ಲಿ ಮಿಷನ್ ತಗೊಳ್ಳುವಾಗಲೂ ಇದನ್ನೇ ಮಾಡಿಸಿ ನೋಡಿ, ಡಬ್ಬಿಯಲ್ಲೇ ಹಾಗೇ ಮನೆಗೆ ತರಬೇಡಿ.

ಎಡಗೈ ಹೆಬ್ಬೆರಳು ಹಿಡಿಯ ಸುತ್ತ ಇರಬೇಕು. ಬಾರಿನ ತುದಿಯ ಮೇಲಿನ ಅರ್ಧ ಭಾಗದಲ್ಲಿ ಯಾವತ್ತೂ ಕುಯ್ಯಬಾರದು. ಭುಜಕ್ಕಿಂತ ಮೇಲೆ ಎತ್ತಬಾರದು. ಹೆಲ್ಮೆಟ್ಟು, ಕಣ್ಣಿಗೆ ಜಾಲರಿ, ಕಿವಿಗೆ ಮಫ್, ಬೂಟು. ಕಾಲಿಗೆ ಕಟ್ಟೋ ಚೈನ್‌ಸಾ ಗಾರ್ಡ್ ಬರುತ್ತೆ, ಅದರೊಳಗಿನ ದಾರ ಚೈನಿಗೆ ಸುತ್ಕೊಂಡು ನಿಲ್ಲಿಸುತ್ತೆ, ದುಬಾರಿ ಆದ್ರೂ ತಗೊಂಡಿದೀನಿ. ಜೀನ್ಸ್ ಪ್ಯಾಂಟ್ ಹಾಕಿದೀನಲ್ಲ ಅನ್ನೋರಿಗೆ, ಅದು ಚೈನಿಗೆ ಬಾಳೆ ಎಲೆ ಇದ್ದಂಗೆ. ಇನ್ನೊಂದು, ಒಬ್ಬರೇ ಹೋಗಬೇಡಿ. ಅವತ್ತು ನಾನು ಪಕ್ಕದಲ್ಲಿ ಇದ್ದೆ, ಕಾರು ಇತ್ತು.

ವಾಲಿರೋ ನೀಲಗಿರಿ ಬಗ್ಗೆ ಒಂದು ಮಾತು. ವಾಲಿದ ಕಡೆ ಬಾಯಿ ತೆಗೆದು ಹಿಂದಿನಿಂದ ಕುಯ್ತಾ ಬಂದ್ರೆ, ಅರ್ಧಕ್ಕೆ ಬರೋದ್ರೊಳಗೆ ಮರ ಬುಡದಿಂದ ಮೇಲಕ್ಕೆ ಸೀಳ್ಕೊಂಡು, ಸೀಳಿದ ಹಲಗೆ ಕುಯ್ಯೋನ ಎದೆಗೆ, ಮುಖಕ್ಕೆ ಬರುತ್ತೆ. ಈ ಮರದೊಳಗೆ ಎಳೆತ ಜಾಸ್ತಿ. ಅಂಥದ್ದನ್ನ ಯಾವ ಮಿಷನ್ ಇದ್ರೂ ಹೊಸಬರು ಮುಟ್ಟಬಾರದು. ನಮ್ಮಲ್ಲಿ ಹನ್ನೊಂದು ಮರ ಅಂಥವು ಇದ್ವು, ಮಾಗಡಿ ಕಡೆಯ ಅನುಭವಸ್ಥರನ್ನ ಕರೆಸಿ ತೆಗೆಸಿದೆ.

ಪರ್ಮಿಷನ್ ಕೇಳಿದೋರಿಗೆ: 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ನೀಲಗಿರಿ, ಸಿಲ್ವರ್ ಓಕ್, ಸರ್ವೆ, ಸುಬಾಬುಲ್, ತೆಂಗು ಇಂಥವಕ್ಕೆ ಕಡಿಯೋ ಅನುಮತಿಯಿಂದ ವಿನಾಯ್ತಿ ಇದೆ. ಬದುವಿನ ಹೊಂಗೆ, ಬೇವು, ಹಲಸು "ನಮ್ಮ ಜಮೀನೇ ಅಲ್ವಾ" ಅಂತ ಕಡೀಬೇಡಿ, ಮೊದಲು ವೃಕ್ಷ ಅಧಿಕಾರಿಗೆ ಅರ್ಜಿ ಕೊಡಿ. ತಾನಾಗೇ ಹುಟ್ಟಿದ ಗಂಧದ ಗಿಡ ಕಂಡ್ರೆ ಮಿಷನ್ ಕೆಳಗಿಟ್ಟು ಅರಣ್ಯ ಇಲಾಖೆಗೆ ಫೋನ್ ಮಾಡಿ. ಲಾರಿಗೆ ತುಂಬೋ ಮುಂಚೆ ರೇಂಜ್ ಆಫೀಸಲ್ಲಿ ಒಂದು ಮಾತು ಕೇಳ್ಕೊಳ್ಳಿ, ದಾರಿಯಲ್ಲಿ ನಿಲ್ಲಿಸಿದ್ರೆ ಹೊತ್ತು ಹಾಳು.

ಹೋದ ಭಾನುವಾರಕ್ಕೆ ನಮ್ಮದು ಇನ್ನೂರ ಹತ್ತು ಮರ ಆಯ್ತು, ಇನ್ನೊಂದು ಎಪ್ಪತ್ತು ಇದೆ. ಎಂಎಸ್ 250 ಇದುವರೆಗೂ ಒಂದು ಸಲ ಸ್ಟಾರ್ಟರ್ ಹಗ್ಗ ತುಂಡಾಗಿದ್ದು, ಒಂದು ಸಲ ಪ್ಲಗ್ ಬದಲಾಯಿಸಿದ್ದು ಬಿಟ್ರೆ ತೊಂದ್ರೆ ಕೊಟ್ಟಿಲ್ಲ. ಹಗ್ಗ ಅವತ್ತೇ ಸಿಕ್ತು. ಈಗ ಮಿಷನ್ ಹಿಡಿಯೋದು ನಾನು. ಬಾಮೈದ ತೋಟಕ್ಕೆ ಬರ್ತಾನೆ, ಮಿಷನ್ ಮುಟ್ಟು ಅಂತ ನಾನು ಹೇಳಲ್ಲ, ಅವನೂ ಕೇಳಲ್ಲ. ಬೆಳಿಗ್ಗೆ ಬ್ರೇಕ್ ನೋಡೋದು ಮಾತ್ರ ಅವನೇ. ನಾನು ನೋಡಿದ ಮೇಲೂ ಇನ್ನೊಂದು ಸಲ ನೋಡ್ತಾನೆ. ನಾನು ಏನೂ ಮಾತಾಡಲ್ಲ.

ಹಳೇ ಮಿಷನ್ನು ನಮ್ಮ ಪೋಸ್ಟ್ ನೋಡಿ ಒಬ್ಬರು ಎರಡು ಸಾವಿರಕ್ಕೆ ಕೇಳಿದ್ರು. ಕೊಡಲಿಲ್ಲ. ಎಂಜಿನ್ ಸಿಲಿಂಡರ್ ಶೆಡ್ಡಲ್ಲಿ ಪೇಪರ್ ವೆಯ್ಟ್ ಆಗಿದೆ, 22 ಇಂಚು ಬಾರನ್ನ ಅವನೇ ಗ್ರೈಂಡರಲ್ಲಿ ಎರಡು ತುಂಡು ಮಾಡಿ ಗುಜರಿಗೆ ಹಾಕಿದ.

ಅರ ಹಾಕೋದು ಅವನಿಗೆ ಈಗ ಚೆನ್ನಾಗಿ ಕೂತಿದೆ, ಅದಕ್ಕೆ ಎಡಗೈಯ ಮೂರು ಬೆರಳು ಸಾಕು. ಬರೋ ಭಾನುವಾರ ತೋಟಕ್ಕೆ ಹೋಗ್ತಿಲ್ಲ, ಬೆಳಿಗ್ಗೆ ಹತ್ತರಿಂದ ಒಂದು ಗಂಟೆ ತನಕ ಶೆಡ್ಡಲ್ಲಿ ಇರ್ತೀವಿ. ಮೊಂಡಾದ ಚೈನ್ ಇರೋರು ತನ್ನಿ, ಅವನು ತೋರಿಸಿಕೊಡ್ತಾನೆ, ದುಡ್ಡೇನೂ ಬೇಡ. ಎಲ್ಲಿ ಅಂತ ಮೆಸೇಜ್ ಮಾಡಿದ್ರೆ ದಾರಿ ಹೇಳ್ತೀನಿ. ಮಿಷನ್ನೇ ತರೋರು ಪೆಟ್ರೋಲ್ ಖಾಲಿ ಮಾಡ್ಕೊಂಡು, ಬಾರಿಗೆ ಕವರ್ ಹಾಕ್ಕೊಂಡು ಬನ್ನಿ.